ಜೋಡಿ ತೊಲೆಗೆ ಒಂದೇ ದಾಖಲೆ

ಹಳೇ ಮನೆ ಕೆಡವಿದಾಗ ಸಿಗುವ ಮರವನ್ನು ಕೊಂಡು ಮಾರುವುದು ನನ್ನ ವ್ಯಾಪಾರ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ಶೆಡ್ ಇದೆ. ಯಾರ ಪಾಲೂ ಇಲ್ಲದೆ ಕಟ್ಟಿದ್ದು. ಈ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು: ತೊಲೆಯ ಉದ್ದ ಕೇಳಬೇಡಿ, ತೂತು ಕೇಳಿ. ಅಡ್ಡಮರ ಕೂರಿಸಲು ಆಚಾರಿ ಹೊಡೆದ ತೂತುಗಳು ಎಲ್ಲೆಲ್ಲಿವೆ ಅನ್ನುವುದೇ ತೊಲೆಯ ಜಾತಕ. ಉದ್ದದ ತೊಲೆ ಅಂತ ಹಿಗ್ಗಿ ತಂದು, ತೂತಿಂದ ತೂತಿಗೆ ಒಂದು ಬಾಗಿಲ ಚೌಕಟ್ಟಿಗಾಗುವಷ್ಟು ಗಟ್ಟಿಮರ ಸಿಗದೆ ತಲೆ ಚಚ್ಚಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಯಾವ ಶೆಡ್ಡಿನಲ್ಲಿ ಎಂಥ ತೊಲೆ ಇದೆ ಅನ್ನುವುದು ಕೂತಲ್ಲೇ ತಿಳಿಯಲಿ ಅಂತ ಕಂಪ್ಯೂಟರಿಗೆ ಹಾಕಿಸಲು ಹೊರಟೆ. ಹೊಸನಗರಕ್ಕೆ ಮದುವೆಯಾಗಿ ಬಂದು, ಮನೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುವ ಹುಡುಗಿಯೊಬ್ಬಳು ಒಪ್ಪಿಕೊಂಡಳು. ಅವಳ ಮೊದಲ ಪ್ರಶ್ನೆಯೇ ಸರಿಯಾಗಿತ್ತು.

"ಒಂದು ತೊಲೆಗೆ ಹೆಚ್ಚಂದ್ರೆ ಎಷ್ಟು ತೂತು ಅಣ್ಣ?"

"ಒಂದೂ ಇಲ್ದೇ ಇರೋದೂ ಉಂಟು, ಜರಡಿ ಆಗಿರೋದೂ ಉಂಟು."

ಹಾಗಾದರೆ ತೂತಿಗೊಂದು ಕಾಲಂ ಮಾಡಿದರೆ ಆಗುವುದಿಲ್ಲ ಅಂದಳು. ಡೇಟಾಬೇಸಿನಲ್ಲಿ ಅಂಕಿ, ತಾರೀಕು, ಅಕ್ಷರ ಅಂತ ಮೊದಲೇ ಬಗೆಗಳಿರುತ್ತವಂತೆ. ಅವುಗಳ ಜೊತೆಗೆ 'ತೊಲೆ' ಅಂತಲೇ ಹೊಸ ಬಗೆಯೊಂದನ್ನು ತಾನು ಸೃಷ್ಟಿ ಮಾಡುತ್ತೇನೆ, ತೂತು ಹೆಚ್ಚಿದ್ದರೆ ಹಿಗ್ಗುತ್ತದೆ, ಕಡಿಮೆಯಿದ್ದರೆ ಕುಗ್ಗುತ್ತದೆ, ತಾನೆಷ್ಟು ಉದ್ದ ಅಂತ ತನ್ನ ತಲೆಯಲ್ಲೇ ಬರೆದುಕೊಂಡಿರುತ್ತದೆ ಅಂತ ವಿವರಿಸಿದಳು.

ನನಗೆ ಅಲ್ಲೇ ಅನುಮಾನದ ವಾಸನೆ ಬಡಿಯಿತು. ಲೋಕದಲ್ಲಿಲ್ಲದ ಬಗೆ ಅಂದರೆ, ಅದರ ಬೀಗವೂ ಅವಳದೇ, ಕೀಲಿಯೂ ಅವಳದೇ. ನಾಳೆ ನನ್ನ ಮೇಲೆ ಮುನಿಸಿಕೊಂಡರೆ ಮೂರು ಶೆಡ್ಡಿನ ಮರವೂ ಅವಳ ಕೈಯಲ್ಲಿ!

"ತೂತಿಗೆಲ್ಲ ಬೇರೆ ಟೇಬಲ್ ಮಾಡಿದ್ರೆ ಆಗಲ್ವಾ?" ಅಂದೆ. ಇದನ್ನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನ ಹತ್ತಿರ ಮೊದಲೇ ಕೇಳಿಕೊಂಡು ಹೋಗಿದ್ದೆ.

ಅವಳು ನಕ್ಕಳು. "ಯಾರನ್ನೋ ವಿಚಾರಿಸ್ಕೊಂಡೇ ಬಂದಿದೀರಿ. ಆಗತ್ತೆ ಅಣ್ಣ. ಆದ್ರೆ ನಮ್ಮದೇ ಬಗೆ ಆದ್ರೆ ಎರಡು ತೊಲೆ ಯಾವಾಗ ಸಮ ಅನ್ನೋದನ್ನೂ ನಾವೇ ಹೇಳ್ಕೊಡಬಹುದು."

ಈ ಮಾತಿಗೆ ನಾನು ಬಿದ್ದೆ. ಕಾರಣ ಇದೆ. ಒಂದೇ ತೊಲೆಯನ್ನು ಬುಡದಿಂದ ಅಳೆದರೆ ಒಂದು ಲೆಕ್ಕ, ತುದಿಯಿಂದ ಅಳೆದರೆ ತೂತುಗಳೆಲ್ಲ ತಿರುವುಮುರುವು. ಒಂದೇ ಮರವನ್ನು ತಿರುಗಿಸಿ ತೋರಿಸಿ ಎರಡು ಅಂತ ಲೆಕ್ಕ ಕೊಟ್ಟವರ ಕೈಯಲ್ಲಿ ವ್ಯಾಪಾರ ಕಲಿತವನು ನಾನು. "ಯಾವ ತುದಿಯಿಂದ ಅಳೆದ್ರೂ ಒಂದೇ ಅನ್ನಬೇಕು. ಸಮ ಇರೋದು ಎರಡನೇ ಸಲ ಬಂದ್ರೆ ಒಳಗೇ ಬಿಡಬಾರದು" ಅಂದೆ. ಹಾಗೇ ಮಾಡಿದಳು. ಅಷ್ಟಕ್ಕೂ ಬಿಡದೆ, ಅವಳು ಬರೆದದ್ದರ ಪ್ರತಿ ನನ್ನ ಪೆನ್‌ಡ್ರೈವಿನಲ್ಲಿ ಇರಬೇಕು, ವಾರಕ್ಕೊಮ್ಮೆ ಎಲ್ಲ ತೊಲೆಯೂ ಸಾದಾ ಅಕ್ಷರದಲ್ಲಿ ಹೊರಗೆ ಬರಬೇಕು ಅಂತ ಷರತ್ತು ಹಾಕಿದೆ. ನೀವೂ ಹಾಕಿ. ಒಳಗೆ ಹೋಗುವ ದಾರಿ ತೋರಿಸುವವರನ್ನು ಹೊರಗೆ ಬರುವ ದಾರಿ ಮೊದಲು ಕೇಳಬೇಕು.

ಕೆಲವು ತಿಂಗಳು ಸರಾಗ ನಡೆಯಿತು. ಆಮೇಲೆ ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯ ಒಬ್ಬರು ಬಂದರು. ಊಟದ ಹಾಲ್ ಕಟ್ಟಿಸುತ್ತಿದ್ದರು, ಎದುರುಬದುರು ಗೋಡೆಯ ಮೇಲೆ ಕೂರಿಸಲು ಜೋಡಿ ತೊಲೆ ಬೇಕಿತ್ತು. ಹೊಸನಗರದ ಶೆಡ್ಡಿಗೆ ಅಂಥದೊಂದು ಜೋಡಿಯನ್ನು ನಾನೇ ಲಾರಿ ಹತ್ತಿಸಿ ಕಳಿಸಿದ್ದು ನೆನಪಿತ್ತು. ಕಂಪ್ಯೂಟರಿನ ಲೆಕ್ಕ ಫೋನಿನಲ್ಲೂ ಕಾಣುತ್ತಿತ್ತು, ತೆಗೆದು ನೋಡಿದರೆ ಒಂದೇ ತೊಲೆ!

ಹೊಸನಗರದ ಶೆಡ್ಡು ನೋಡಿಕೊಳ್ಳುವವನು ನನ್ನ ಜೊತೆ ಮೊದಲಿನಿಂದ ಇದ್ದವನು. ಮರ ಬಂದ ಕೂಡಲೇ ಅಳೆದು ಫೋನಿನಲ್ಲಿ ದಾಖಲಿಸುವುದೂ ಅವನದೇ ಕೆಲಸ. ಜೋಡಿಯ ಒಂದು ತೊಲೆ ಕಾಣದೇ ಇದ್ದರೆ ಅನುಮಾನ ಇನ್ನೆಲ್ಲಿಗೆ ಹೋಗಬೇಕು? ಗಿರಾಕಿಯನ್ನು ಕಾರಿನಲ್ಲಿ ಕೂರಿಸಿಕೊಂಡೇ ಹೊರಟೆ. ಅವನಿಗೆ ಫೋನು ಮಾಡಲಿಲ್ಲ. ಮಾಡಿದರೆ ಕತೆ ಕಟ್ಟಲು ಸಮಯ ಸಿಗುತ್ತದೆ. ಕಾರು ಓಡಿಸುತ್ತಲೇ ಅವನ ಜಾಗಕ್ಕೆ ಯಾರನ್ನು ಹಾಕುವುದು ಅನ್ನುವವರೆಗೂ ಯೋಚನೆ ಮುಟ್ಟಿತ್ತು.

"ಜೋಡಿಯಲ್ಲಿ ಒಂದು ಎಲ್ಲಿ ಹೋಯ್ತು ಮಾರಾಯ?" ಇಳಿಯುತ್ತಿದ್ದಂತೆ ಕೇಳಿದೆ.

ಅವನು ನನ್ನ ಮುಖ ನೋಡಿದ, ಗಿರಾಕಿಯ ಮುಖ ನೋಡಿದ. "ಎಲ್ಲಿಗ್ ಹೋಗತ್ತೆ ಯಜಮಾನ್ರೆ? ಕಾಲಿದ್ಯಾ ಅದ್ಕೆ?" ಅಂದು ತಗಡು ಸರಿಸಿದ. ಎರಡೂ ತೊಲೆ ಅಲ್ಲೇ ಮಲಗಿದ್ದವು.

"ಮತ್ತೆ ಫೋನಲ್ಲಿ ಒಂದೇ ಹಾಕಿದೀಯ?"

"ಎರಡೂ ಹಾಕ್ದೆ. ಎರಡನೇದಕ್ಕೆ 'ಈ ತೊಲೆ ಈಗಾಗಲೇ ಇದೆ' ಅಂತು ನಿಮ್ಮ ಮಷೀನು. ಇದ್ಯಲ್ಲ, ಸರಿ ಅಂದ್ಕಂಡು ಬಿಟ್ಟೆ."

ಎದುರುಬದುರು ತೊಲೆಗೆ ಆಚಾರಿ ಒಂದೇ ಅಳತೆಗೆ ತೂತು ಹೊಡೆದಿರುತ್ತಾನೆ. ಅಡ್ಡಮರ ಎರಡರ ತೂತಿನಲ್ಲೂ ನೇರ ಕೂರಬೇಕಲ್ಲ. ಹಾಗಾಗಿ ಚೆನ್ನಾಗಿ ಮಾಡಿದ ಜೋಡಿ ಬಂದಷ್ಟೂ ನಮ್ಮ ಮಷೀನು ಒಂದನ್ನು ಕಳ್ಳಮಾಲು ಅಂತ ಬಾಗಿಲಲ್ಲೇ ತಡೆಯುತ್ತಿತ್ತು. ಕಳ್ಳತನ ಹಿಡಿಯಲು ಇಟ್ಟ ಕಾವಲು ಇದು.

ಅವನು ಸೊಂಟದಿಂದ ಶೆಡ್ಡಿನ ಕೀಲಿ ತೆಗೆದು ತೊಲೆಯ ಮೇಲಿಟ್ಟ. "ನೀವು ಕೇಳಿದ್ರಲ್ಲ ಯಜಮಾನ್ರೆ, ಆ ಧ್ವನಿ ನಂಗೆ ಗೊತ್ತಾಯ್ತು. ಬೇರೆಯವ್ರನ್ನ ನೋಡ್ಕಳಿ."

ಗಿರಾಕಿ ತೊಲೆ ತಟ್ಟುವ ನೆಪದಲ್ಲಿ ದೂರ ಸರಿದರು. ನಾನು ಅಲ್ಲಿಂದಲೇ ಆ ಹುಡುಗಿಗೆ ಫೋನು ಮಾಡಿ, ಅವನಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ.

"ಬಗೆ ಸರಿಯಾಗೇ ಇದೆ ಅಣ್ಣ. ಅಳತೆ ಸಮ ಇದ್ರೆ ಸಮ ಅನ್ನತ್ತೆ, ಅಷ್ಟೇ. ಅಳತೆ ಸಮ ಇದ್ದಿದ್ದೆಲ್ಲ ಒಂದೇ ಮರ ಅಂತ ನಾವು ನಿಯಮ ಹಾಕಿದ್ವಲ್ಲ, ಅದನ್ನ ತೆಗೀಬೇಕು" ಅಂದಳು. ಪ್ರತಿ ಮರಕ್ಕೂ ಅದರದೇ ನಂಬರು ಕೊಡೋಣ, ಸಮ ಅನ್ನೋದನ್ನ ಜೋಡಿ ಹುಡುಕೋಕೆ ಇಟ್ಕೊಳ್ಳೋಣ ಅಂತಲೂ ಹೇಳಿದಳು.

ಇವನು ಬಗ್ಗಿ ಫೋನಿನ ಹತ್ತಿರ ಬಾಯಿ ತಂದ. "ನಂಬರು ಯಾರು ಹಾಕದು?"

"ಮರ ಇಳಿಸ್ಕೊಳ್ಳೋರೇ ಹಾಕಬೇಕು."

"ಅಂದ್ರೆ ನಾನು. ಕೇಳಿದ್ರಾ ಯಜಮಾನ್ರೆ? ನಾನು ಹಾಕಿದ್ ಮರನ ಮಷೀನು ಬೇಡ ಅನ್ನಂಗಿಲ್ಲ. ಅನುಮಾನ ಇದ್ರೆ ಕೇಳ್ಲಿ. ನೀವೂ ಕೇಳಿ. ಆದ್ರೆ ಗಿರಾಕಿ ಕರ್ಕಂಡು ಬಂದು ಕೇಳಂಗಿಲ್ಲ."

ಚೌಕಾಸಿಯಲ್ಲಿ ಎದುರಿನವನ ಮೊದಲ ಮಾತಿಗೆ ಒಪ್ಪಬಾರದು ಅಂತ ನೂರು ಜನಕ್ಕೆ ಹೇಳಿಕೊಟ್ಟಿದ್ದೇನೆ. ಅವತ್ತು ಒಪ್ಪಿದೆ. ಕೀಲಿ ಎತ್ತಿ ಅವನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ, ಬದಲಿಗೆ ಅಳತೆ ಟೇಪಿನ ಒಂದು ತುದಿಯನ್ನು ನನ್ನ ಇನ್ನೊಂದು ಕೈಗೆ ಕೊಟ್ಟ.

"ಮೊದ್ಲು ಎರಡನೇ ತೊಲೆ ಅಳೆಯನ. ಬುಡ ಯಾವ ಕಡೆ ಅಂತ ನೀವೇ ಹೇಳಿ, ಗಿರಾಕಿ ಎದ್ರಿಗೇ ಹೇಳಿ. ಆಮೇಲೆ ಕೀಲಿ ಮಾತು."

ನಾನು ಬಗ್ಗಿ, ಎರಡೂ ತುದಿ ಮುಟ್ಟಿ ನೋಡಿ, ಬುಡ ಯಾವುದೆಂದು ಹೇಳಿದೆ. ಅವನು ಅದನ್ನೂ ಇನ್ನೊಂದು ಸಲ ನೋಡಿಯೇ ಬರೆದುಕೊಂಡ.