ರಾಲಿಯಲ್ಲಿ ನಾನೂ ನಕ್ಕೆ

ಶಾಲೆಗಳಲ್ಲಿ ನನಗೆ ಕೊಡುತ್ತಿದ್ದದ್ದು ನಲವತ್ತೈದು ನಿಮಿಷ. ಮಕ್ಕಳು ಗದ್ದಲ ಮಾಡಿಕೊಂಡು ಬಂದು ಕೂರುವುದಕ್ಕೆ ಹತ್ತು ನಿಮಿಷ, ಸ್ಲೈಡ್ ಪ್ರೊಜೆಕ್ಟರ್ ಕೈಕೊಟ್ಟು ಮತ್ತೆ ಸರಿಹೋಗುವುದಕ್ಕೆ ಐದು, ವೈಸ್ ಪ್ರಿನ್ಸಿಪಾಲರು ಶುಕ್ರವಾರದ ಫುಟ್‌ಬಾಲ್ ಪಂದ್ಯದ ಬಗ್ಗೆ ಹೇಳುವುದಕ್ಕೆ ಇನ್ನೈದು. ಉಳಿದದ್ದರಲ್ಲಿ ನಾನು ಯೆಹೂದಿಗಳನ್ನು ಶತಮಾನಗಳಿಂದ ಹೇಗೆ ದ್ವೇಷಿಸಿದರು, ಯುರೋಪಿನಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟಿತು, ನಾವೆಲ್ಲ ಒಬ್ಬರನ್ನೊಬ್ಬರು ಹೇಗೆ ಸಹಿಸಿಕೊಂಡು ಬಾಳಬೇಕು ಎಂಬುದನ್ನೆಲ್ಲ ಹೇಳಿ ಮುಗಿಸಬೇಕು. ಮುಗಿಸಿ ಪ್ರಶ್ನೆ ಕೇಳಿ ಎಂದರೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತಿತ್ತು.

"ನೀವು ಯೆಹೂದಿಯಾ?"

"ಅಲ್ಲ."

"ಮತ್ತೆ ನಿಮಗೇನು?"

ಅಟ್ಲಾಂಟಾದ ಆಚೆ ಸುವಾನಿಯಲ್ಲೂ ಇದೇ ಪ್ರಶ್ನೆ, ಸೌತ್ ಕ್ಯಾರೊಲಿನಾದ ಹಳ್ಳಿ ಶಾಲೆಯಲ್ಲೂ ಇದೇ. ಮಕ್ಕಳು ಕೇಳಿದರೆ ಸರಿ, ಕೇಳುವ ವಯಸ್ಸು. ಒಂದು ಕಡೆ ಮೇಷ್ಟ್ರೇ ನನ್ನನ್ನು ಪಕ್ಕಕ್ಕೆ ಕರೆದು, ಎರಡೂ ಕಡೆಯ ವಾದ ಹೇಳಿದರೆ ಚೆನ್ನಾಗಿರುತ್ತದೆ ಎಂದರು. ಯಾವ ಎರಡು ಕಡೆ ಸ್ವಾಮಿ ಎಂದು ಕೇಳಿದೆ. ಅವರು ಕಾಫಿ ತರುತ್ತೇನೆಂದು ಹೋದವರು ಗಂಟೆ ಹೊಡೆಯುವವರೆಗೂ ಬರಲಿಲ್ಲ. ಅಲ್ಲಿಂದ ಮನೆಗೆ ಬಂದು, ವಾರದ ಕೊನೆಗೆ ನಮ್ಮ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಅಲ್ಲಿ ಇನ್ನೊಂದು ಥರ. ಇಪ್ಪತ್ತೈದು ವರ್ಷದ ಹಿಂದೆಯೇ ಅಮೆರಿಕಕ್ಕೆ ಬಂದು ನೆಲೆಯೂರಿದ್ದ ಡಾಕ್ಟರ್ ಅಂಕಲ್ ಒಬ್ಬರು ಪ್ರತಿ ಸಲವೂ ತಪ್ಪದೆ ಹೇಳುತ್ತಿದ್ದರು: "ನಿಮಗ್ಯಾಕಮ್ಮ ಯಾರದ್ದೋ ಗೋಳು? ಇಂಡಿಯನ್ ಕಲ್ಚರ್ ಬಗ್ಗೆ ಪ್ರೆಸೆಂಟೇಷನ್ ಮಾಡಬಾರ್ದಾ, ಭರತನಾಟ್ಯ ಅದು ಇದು ತೋರಿಸ್ಕೊಂಡು?"

ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿ ಹೋಗಿತ್ತು. ಮೈಸೂರಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿಕೊಂಡಿದ್ದವಳು ನಾನು. ಗಂಡನ ಹಿಂದೆ ಮೇರಿಲ್ಯಾಂಡಿಗೆ ಬಂದು, ಇಲ್ಲಿಯ ಟೀಚರ್ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದಾಗ, ವಾಷಿಂಗ್ಟನ್ ಪಕ್ಕದ ಒಂದು ಸಣ್ಣ ಸಂಸ್ಥೆ ಊರೂರು ತಿರುಗಿ ಈ ಪಾಠ ಹೇಳುವವರನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಅಪ್ಲೈ ಮಾಡಿದೆ. ಅಲ್ಲಿಯ ಮೇಲಧಿಕಾರಿ ಹೆಂಗಸು ನೇರವಾಗಿಯೇ ಹೇಳಿದಳು: ಯೆಹೂದಿಯಲ್ಲದವಳು ಹೇಳಿದರೆ ಕೆಲವರು ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಅವಳ ಲೆಕ್ಕಾಚಾರ ಅರ್ಧ ತಪ್ಪು. ಆದರೆ ಕೆಲಸ ಸಿಕ್ಕಿತು.

ಆ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಮುದುಕಿ. ಪೋಲೆಂಡಿನ ಒಂದು ಪುಟ್ಟ ಊರಿನಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿಗೆ ನಾತ್ಸಿಗಳ ಶಿಬಿರ ಸೇರಿ, ಮನೆಯವರಲ್ಲಿ ತಾವೊಬ್ಬರೇ ಉಳಿದು ಬಂದವರು. ತಿಂಗಳಿಗೆ ಒಂದೆರಡು ಸಲ ನನ್ನ ಕಾರಿನಲ್ಲಿ ಶಾಲೆಗಳಿಗೆ ಬರುತ್ತಿದ್ದರು. ಅವರು ಬಂದ ದಿನ ನಾನು ಸ್ಲೈಡುಗಳನ್ನು ಪೆಟ್ಟಿಗೆಯಿಂದ ತೆಗೆಯುತ್ತಲೇ ಇರಲಿಲ್ಲ. ಅವರು ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, ಸಣ್ಣ ದನಿಯಲ್ಲಿ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಹಿಂದಿನ ಸಾಲಿನ ಹುಡುಗರೂ ಚಕಾರವೆತ್ತುತ್ತಿರಲಿಲ್ಲ.

ಅವರದ್ದು ಒಂದೇ ಷರತ್ತು. ನಾನು ಮೊದಲ ಸಾಲಿನಲ್ಲಿ, ಅವರ ಎದುರಿಗೇ ಕೂರಬೇಕು. "ಅಷ್ಟು ಜನರ ಮುಖ ನೋಡಿ ಹೇಳುವುದಕ್ಕೆ ನನಗೆ ಆಗುವುದಿಲ್ಲ. ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತಿದ್ದಾಗ ಕಾವಲುಗಾರ ಎಂಟು ವರ್ಷದ ತಂಗಿಯನ್ನು ಆ ಕಡೆ ಕಳಿಸು ಎಂದ, ನಾನು ಅವಳ ಕೈ ಬಿಟ್ಟೆ ಎಂಬ ಜಾಗ ಬಂದಾಗ ಅವರ ಕಣ್ಣು ನನ್ನ ಮೇಲಿಂದ ಕದಲುತ್ತಿರಲಿಲ್ಲ. ಅಷ್ಟು ಸಲ ಕೇಳಿದ್ದರೂ ಆ ಜಾಗದಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಅವರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು, ಕಟ್ಟುವ ಒಂದು ಗಂಟಲು.

ಅವರನ್ನು ನಾರ್ತ್ ಕ್ಯಾರೊಲಿನಾದ ರಾಲಿ ಊರಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವಳು ನಾನೇ. ಅಲ್ಲಿಯ ಕನ್ನಡದವರು ಭಾನುವಾರ ಮಧ್ಯಾಹ್ನ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಮಕ್ಕಳಿಗೆ ಅಆಇಈ ಹೇಳಿಕೊಡುತ್ತಿದ್ದರು. ಡಾಕ್ಟರ್ ಅಂಕಲ್ ಮಾತು ನನ್ನನ್ನು ಒಳಗೇ ಕೊರೆಯುತ್ತಿತ್ತು. ಯಾರ ಗೋಳು ಎಂದು ನಮ್ಮವರೇ ಒಂದು ಸಲ ಎದುರಿಗೆ ಕೂತು ಕೇಳಲಿ, ಆಮೇಲೆ ಮಾತಾಡಲಿ ಎಂಬ ಜಿದ್ದು ನನಗೆ. ಮುದುಕಿಗೆ ಅಷ್ಟು ಮನಸ್ಸಿರಲಿಲ್ಲ. ಅಷ್ಟು ದೂರ, ಗೊತ್ತಿಲ್ಲದ ಜನ ಎಂದು ರಾಗ ಎಳೆದರು. ನಮ್ಮವರು ಹಿರಿಯರಿಗೆ ಬಹಳ ಮರ್ಯಾದೆ ಕೊಡುತ್ತಾರೆ, ನೀವೇ ನೋಡುವಿರಂತೆ ಎಂದು ಒಪ್ಪಿಸಿದೆ.

ಒಪ್ಪಿಸಿದ ಮೇಲೆ ವಾರವಿಡೀ ಅಲ್ಲಿಯ ಕಮಿಟಿಯವರ ಪ್ರಾಣ ತಿಂದೆ. ಅವರಿಗೆ ಕೈ ಇರುವ ಕುರ್ಚಿ ಹಾಕಿ, ಮಾತಾಡುವಾಗ ಮಕ್ಕಳು ಎದ್ದು ಓಡಾಡಬಾರದು, ಊಟದ ಟ್ರೇಗಳನ್ನು ಮಾತು ಮುಗಿಯುವ ತನಕ ತೆರೆಯಬಾರದು. ಕಮಿಟಿಯ ಕಾರ್ಯದರ್ಶಿ ಬೆಂಗಳೂರಿನಿಂದ ಬಂದು ಎರಡು ವರ್ಷವಾಗಿದ್ದ ಸಾಫ್ಟ್‌ವೇರ್ ಹುಡುಗ, ಒಳ್ಳೆಯವನು. ಎಲ್ಲದಕ್ಕೂ "ಆಯ್ತು ಆಂಟಿ, ಡೋಂಟ್ ವರಿ ಆಂಟಿ" ಎಂದ. ಹೇಳಿದ ಹಾಗೆಯೇ ಮಾಡಿಸಿಯೂ ಇದ್ದ. ನಾವು ಹೋದಾಗ ಐವತ್ತು ಜನ ಸಾಲಾಗಿ ಕೂತಿದ್ದರು. ಪುಳಿಯೋಗರೆಯ ವಾಸನೆ ಹಾಲ್ ತುಂಬ ಇತ್ತು, ಆದರೆ ಟ್ರೇಗಳಿಗೆ ಫಾಯಿಲ್ ಮುಚ್ಚಿತ್ತು. ಮುದುಕಿಗೆ ಒಂದು ಪುಟ್ಟ ಹುಡುಗಿ ಹೂವಿನ ಗುಚ್ಛ ಕೊಟ್ಟಳು. ನಾನು ಹೆಮ್ಮೆಯಿಂದ ಅವರ ಕಡೆ ನೋಡಿದೆ. ಅವರೂ ಮುಗುಳ್ನಕ್ಕರು.

ನಮ್ಮ ಸಭೆಗಳಲ್ಲಿ ಅತಿಥಿಗಳನ್ನು ಪರಿಚಯಿಸುವಾಗ ಸ್ವಲ್ಪ ಕಾಲೆಳೆಯದಿದ್ದರೆ ಪರಿಚಯ ಸಪ್ಪೆ ಎಂದೇ ಲೆಕ್ಕ. ಕಾರ್ಯದರ್ಶಿ ಮೈಕ್ ಹಿಡಿದ. ಮುದುಕಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಗೌರವವಾಗಿ ಹೇಳಿ, ನನ್ನ ಸರದಿ ಬಂದಾಗ ಕನ್ನಡಕ್ಕೆ ತಿರುಗಿದ.

"ಇನ್ನು ನಮ್ ಆಂಟಿ. ಒನ್ ವೀಕ್‌ನಿಂದ ಫೋನ್ ಮೇಲೆ ಫೋನ್. ಚೇರ್ ಹೀಗಿಡಿ, ಮೈಕ್ ಹಾಗಿಡಿ, ಯಾರೂ ಮಿಸುಕಾಡಬಾರ್ದು! ಕಮಿಟೀಲಿ ಇವರಿಗೆ ಏನಂತ ಹೆಸ್ರಿಟ್ಟಿದೀವಿ ಗೊತ್ತಾ? ಲೇಡಿ ಹಿಟ್ಲರ್!"

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಈಗಲೂ ಆ ನಗುವಿಗೆ ಸಮಜಾಯಿಷಿ ಹುಡುಕುತ್ತೇನೆ. ನಮ್ಮಲ್ಲಿ ಸ್ವಲ್ಪ ಗಟ್ಟಿಯಾಗಿರುವವರಿಗೆಲ್ಲ ಈ ಹೆಸರು ಬಿದ್ದೇ ಬೀಳುತ್ತದೆ. ಹೆಡ್‌ಮಾಸ್ಟರಿಗೆ, ಹಾಸ್ಟೆಲ್ ವಾರ್ಡನ್‌ಗೆ, ಸೊಸೆಯರು ಅಡುಗೆಮನೆಯಲ್ಲಿ ಅತ್ತೆಗೆ. ಮೈಸೂರಿನಲ್ಲಿ ನನ್ನ ವಿದ್ಯಾರ್ಥಿನಿಯರು ನನಗೂ ಇಟ್ಟಿದ್ದರು. ಅದು ಕಿವಿಗೆ ಬಿದ್ದ ದಿನ, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಖುಷಿಯಾಗಿತ್ತು. ಇಲ್ಲಿ ಆರು ವರ್ಷ ಊರೂರು ಅಲೆದು ಆ ಮನುಷ್ಯನ ಬಗ್ಗೆ ಪಾಠ ಹೇಳಿದ್ದೆ. ಆದರೂ ಆ ಹೆಸರು ಕನ್ನಡದಲ್ಲಿ ಬಂದಾಗ ನನ್ನೊಳಗಿನ ಮೈಸೂರಿನ ಮೇಡಂ ಮೊದಲು ನಕ್ಕಳು, ಪಾಠ ಹೇಳುವವಳು ಆಮೇಲೆ ಬಂದಳು. ಅಷ್ಟರಲ್ಲಿ ಕಾಲ ಮಿಂಚಿತ್ತು.

ಮುದುಕಿ ನನ್ನನ್ನೇ ನೋಡುತ್ತಿದ್ದರು. ಅಷ್ಟು ಮಾತಿನಲ್ಲಿ ಅವರಿಗೆ ತಿಳಿದಿದ್ದ ಹೆಸರು ಅದೊಂದೇ.

"ಅವನು ಏನಂದ?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಮಾತಿಗೆ ಪೀಠಿಕೆ ಹಾಕುತ್ತಿದ್ದಾನೆ, ಯುದ್ಧದ ವಿಷಯ" ಎಂದೆ. ನಾಲಿಗೆಗೆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಹೇಸಿಗೆಯಾಯಿತು.

"ಅದಕ್ಕೆ ಎಲ್ಲರೂ ನಕ್ಕರಾ?"

ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು. ಅವರು ಎದ್ದು ಹೋಗಿ ಕುರ್ಚಿಯಲ್ಲಿ ಕೂತರು. ಆರೇಳು ನಿಮಿಷ ಮಾತಾಡಿದರು. ಊರು ಹೇಗಿತ್ತು, ಶಾಲೆ ಹೇಗಿತ್ತು, ಒಂದು ದಿನ ಊರು ಬಿಡಬೇಕಾಯಿತು, ಎಲ್ಲರಿಗೂ ನಮಸ್ಕಾರ. ತಂಗಿಯ ಮಾತು ಬರಲೇ ಇಲ್ಲ. ಮಾತು ಮುಗಿಯುವ ತನಕ ಅವರು ಮಕ್ಕಳನ್ನು ನೋಡಿದರು, ಗೋಡೆಯನ್ನು ನೋಡಿದರು, ಎದುರಿಗೇ ಕೂತಿದ್ದ ನನ್ನನ್ನು ನೋಡಲಿಲ್ಲ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಬಹಳ ಟಚಿಂಗ್ ಆಗಿತ್ತು ಎಂದು ಇಬ್ಬರು ಮೂವರು ಬಂದು ನನಗೆ ಹೇಳಿದರು.

ಊಟದ ಹೊತ್ತಿಗೆ ನೋಡಿದರೆ ಹೂವು ಕೊಟ್ಟ ಹುಡುಗಿ ಅವರ ಪಕ್ಕ ತಟ್ಟೆ ಹಿಡಿದು ಕೂತು ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದಳು. ಹತ್ತಿರ ಹೋದೆ. ಮೈಕಿನಲ್ಲಿ ಆ ಅಂಕಲ್ ಹೇಳಿದ್ದು ಬರೀ ಜೋಕು, ಆಂಟಿ ತುಂಬ ಸ್ಟ್ರಿಕ್ಟ್ ಅಲ್ಲವಾ, ಅದಕ್ಕೇ ಲೇಡಿ ಹಿಟ್ಲರ್ ಎಂದಿದ್ದು, ನನ್ನ ಅಪ್ಪ ಕೂಡ ಅವರ ಬಾಸ್‌ಗೆ ಹಾಗೇ ಕರೆಯುತ್ತಾರೆ ಎನ್ನುತ್ತಿದ್ದಳು. ಮುದುಕಿ ತಲೆಯಾಡಿಸಿ, ಅರ್ಥವಾಯಿತು, ಥ್ಯಾಂಕ್ಯೂ ಎಂದರು. ಮೊಸರನ್ನವನ್ನು ಅಷ್ಟೂ ತಿಂದರು.

ಮನೆಯ ಕಡೆ ಹೊರಟು ರಿಚ್ಮಂಡ್ ತನಕ ಬಂದೆವು. ಪೆಟ್ರೋಲಿಗೆಂದು ನಿಲ್ಲಿಸಿದಾಗ ನನಗೇ ತಡೆಯಲಾಗಲಿಲ್ಲ. ಕ್ಷಮಿಸಿ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನಮ್ಮ ದೇಶಕ್ಕೆ ಆ ಯುದ್ಧ ಬಹಳ ದೂರದ್ದು, ನಮ್ಮ ಮಾತಿನಲ್ಲಿ ಆ ಹೆಸರಿಗೆ ಸಿಡುಕ ಎನ್ನುವಷ್ಟೇ ಅರ್ಥ, ಅವರಿಗೆ ಗೊತ್ತಿಲ್ಲ ಪಾಪ ಎಂದು ವಕೀಲಿ ಮಾಡುತ್ತಲೇ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಅವರಿಗೆ ಗೊತ್ತಿಲ್ಲ, ನಗಲಿ" ಎಂದರು. "ನಾನು ತಂಗಿಯ ವಿಷಯ ಅವರಿಗೆ ಹೇಳುತ್ತಿರಲಿಲ್ಲ. ನಿನಗೆ ಹೇಳುತ್ತಿದ್ದೆ."

ಆಮೇಲೆ ಸೀಟ್‌ಬೆಲ್ಟ್ ಹಾಕಿಕೊಂಡು ಕಣ್ಣು ಮುಚ್ಚಿದರು.

ಮಾರನೆಯ ದಿನ ಕಾರ್ಯದರ್ಶಿಗೆ ಫೋನ್ ಮಾಡಿ ಬೈದೆ. ಆರು ವರ್ಷದಿಂದ ಶಾಲೆ ಶಾಲೆಯಲ್ಲಿ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಪಾಪ ಆ ಹುಡುಗನ ಮೇಲೆ ಸುರಿದೆ. ಯಾರ ಮುಂದೆ ಯಾವ ಹೆಸರು ಎತ್ತಬೇಕು ಎನ್ನುವಷ್ಟೂ ಬುದ್ಧಿ ಬೇಡವೇನಪ್ಪಾ ಎಂದೆ. ಅವನು ಸಾರಿ ಆಂಟಿ, ಸಾರಿ ಆಂಟಿ ಎನ್ನುತ್ತಲೇ ಇದ್ದ. ಕೊನೆಗೆ, ನಿಜವಾಗಿಯೂ ಅರ್ಥವಾಗದವನ ದನಿಯಲ್ಲಿ ಕೇಳಿದ.

"ಅಲ್ಲಾ ಆಂಟಿ, ನೀವೂ ನಕ್ರಲ್ಲಾ?"

ಫೋನ್ ಇಟ್ಟೆ.

ಆ ವಾರದಲ್ಲೇ ಆಫೀಸಿನಿಂದ ಕರೆ ಬಂತು. ಮುದುಕಿ ಇನ್ನು ಮುಂದೆ ಬೇರೆಯವರ ಜೊತೆ ಶಾಲೆಗಳಿಗೆ ಹೋಗುತ್ತಾರಂತೆ. ನಡೆದದ್ದನ್ನು ಅವರು ಹೇಳಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು, ಹೋಗಬೇಕಾದದ್ದೇ. ಏನಾದರೂ ಕಾರಣ ಹೇಳಿದರಾ ಎಂದು ಕೇಳಿದೆ.

"ಪಾಪ, ವಯಸ್ಸಾಯಿತಲ್ಲ" ಎಂದಳು ಮೇಲಧಿಕಾರಿ. "ನಿನ್ನ ಕಾರಿನ ಸೀಟು ಅವರ ಬೆನ್ನಿಗೆ ಆಗುತ್ತಿಲ್ಲವಂತೆ. ನೀನೇನೂ ಬೇಜಾರು ಮಾಡಿಕೊಳ್ಳಬಾರದಂತೆ."

"ಹೌದು" ಎಂದೆ. "ಆ ಸೀಟು ಸರಿಯಿಲ್ಲ."