ಸೀತಾಲಕ್ಷ್ಮಿ ಎರೆದು ತೋರಿಸಿದ್ದು

ಚಂದ್ರಕಾಂತ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಗದಗಿನಿಂದ ಬಂದು ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಎಂಜಿನಿಯರ್ ಆದವನು, ಟೌನ್‌ಶಿಪ್ಪಿಗೆಲ್ಲ ಲಿನಕ್ಸ್ ಎಂಬ ಬಿಟ್ಟಿ ಕಂಪ್ಯೂಟರ್ ವ್ಯವಸ್ಥೆಯ ಪೂಜಾರಿ. ದೊಡ್ಡ ಕಂಪನಿಗಳ ಜಾಲತಾಣಕ್ಕೆ ಮನೆಯ ಒಂದು ಫೋಟೊವನ್ನೂ ಕೊಟ್ಟವನಲ್ಲ.

ಹೆಂಡತಿ ಸೀತಾಲಕ್ಷ್ಮಿಗೆ ಕ್ಯಾನ್ಸರ್ ಎಂದು ಗೊತ್ತಾದ ವರ್ಷ, ಅವನು ಡ್ಯೂಟಿಗೆ ಹೋದಾಗ ಆಕೆ ಒಬ್ಬಳೇ ಕೂತು ಒಂದು ವಿಡಿಯೊ ಮಾಡಿದಳು. ಕಾಲು ಚಾಚಿ, ಕೊಂಡಪಲ್ಲಿಯ ಮರದ ಗೊಂಬೆಯನ್ನು ಮೇಲೆ ಮಲಗಿಸಿಕೊಂಡು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ಹೇಳಿಕೊಟ್ಟಿದ್ದಳು. ಮಗಳು ಶ್ರಾವ್ಯಾಳ ಬಾಣಂತನಕ್ಕೆ ತಾನಿರುವುದಿಲ್ಲವೆಂದು ಆಕೆಗೆ ತಿಳಿದಿತ್ತು.

ಆಕೆ ತೀರಿಕೊಂಡ ಮೇಲೆ ಚಂದ್ರಕಾಂತ ಅದನ್ನು ಗೆಳೆಯ ನರಸಿಂಹಮೂರ್ತಿ ವಿಜಯವಾಡದ ಆಟೋನಗರ್‌ನಲ್ಲಿ ನಡೆಸುತ್ತಿದ್ದ ಪುಟ್ಟ ಸರ್ವರಿಗೆ ಏರಿಸಿದ. ಯಾರೊಬ್ಬರ ಒಡೆತನವೂ ಇಲ್ಲದೆ ನೂರಾರು ಸಣ್ಣ ಸರ್ವರುಗಳು ಕೂಡಿ ನಡೆಸುವ ವಿಡಿಯೊ ಜಾಲ ಅದು. ಕಂಪ್ಯೂಟರಿನಲ್ಲಿ ಆ ಜಾಲದ ಆ್ಯಪ್ ತೆರೆದು ಹುಡುಕಿದರೆ ಆ ವಿಡಿಯೊದ ಹೆಸರು ಎಲ್ಲೆಲ್ಲಿಯ ಸರ್ವರುಗಳಲ್ಲೋ ಕಾಣುತ್ತಿತ್ತು. ಹೆಸರಿದ್ದಲ್ಲೆಲ್ಲ ವಿಡಿಯೊವೂ ಇದೆ ಎಂದು ಈ ಜಾಣ ನಂಬಿದ. ನಂಬಿ, ಹೊಸ ಲಿನಕ್ಸ್ ಹಾಕುವಾಗ ವಿಡಿಯೊ ಇದ್ದ ಹಳೆಯ ಡಿಸ್ಕನ್ನು ಅಳಿಸಿದ. ಆಕೆಯ ಫೋನನ್ನೂ ಬರಿದು ಮಾಡಿ ಯಾರಿಗೋ ಕೊಟ್ಟ.

ದಿನಾ ಸಂಜೆ ಚಹಾ ಹಿಡಿದು ಆ್ಯಪ್ ತೆರೆದು ಹೆಂಡತಿಯನ್ನು ನೋಡುತ್ತಿದ್ದ, ಆದರೆ ದನಿ ಮುಚ್ಚಿ. ಮೊದಲ ಮಾತು ಕಿವಿಗೆ ಬಿದ್ದರೇ ಕರುಳು ಕಿತ್ತು ಬರುತ್ತಿತ್ತು, ಪಾಪ. ಮಾತು ಹೇಗೂ ಮಗಳಿಗಲ್ಲವೇ ಎಂದುಕೊಂಡಿದ್ದ.

ನರಸಿಂಹಮೂರ್ತಿ ಹೃದಯಾಘಾತದಲ್ಲಿ ಹೋದ. ವಿಷಯ ತಿಳಿಯದ ಮನೆಯವರು ಆ ಸರ್ವರ್ ಯಂತ್ರವನ್ನು ಗುಜರಿಗೆ ಹಾಕಿದರು. ಆ್ಯಪ್‌ನಲ್ಲಿ ಹೆಸರು ಹಾಗೆಯೇ ಉಳಿಯಿತು. ಒತ್ತಿದರೆ ಚಕ್ರವಷ್ಟೇ ತಿರುಗುತ್ತಿತ್ತು. ಚಂದ್ರಕಾಂತ ಉಳಿದ ಸರ್ವರುಗಳವರಿಗೆಲ್ಲ ಬರೆದು ಅಂಗಲಾಚಿದ. ಅವರ ಬಳಿ ಇದ್ದದ್ದೂ ಬರೀ ಹೆಸರೇ.

ಅಷ್ಟರಲ್ಲಿ ವಿಜಯವಾಡದಲ್ಲಿ ಶ್ರಾವ್ಯಾ ಹೆತ್ತಳು. ಕೂಸು ಹುಟ್ಟುವ ಮುನ್ನ ಕುಲಾವಿ ಬೇಡವೆಂದು ಅವಳು ಅಮ್ಮನ ವಿಡಿಯೊವನ್ನು ಅಲ್ಲಿಯವರೆಗೂ ನೋಡಿರಲಿಲ್ಲ. ಚಂದ್ರಕಾಂತ ಹೋಗಿ ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬಚ್ಚಲಲ್ಲಿ ಅವನೇ ಕಾಲು ಚಾಚಿ ಕೂತು ಮೊಮ್ಮಗಳನ್ನು ಮಲಗಿಸಿಕೊಂಡ. ನೋಡಿ ನೋಡಿ ಕೈಗೆ ಎಲ್ಲ ಬಂದಿತ್ತು. ಎಣ್ಣೆ ತಿಕ್ಕಿದ, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು ಎರೆದ. ಕೊನೆಗೆ ಆಕೆ ಮಾಡಿದಂತೆಯೇ ಒಂದು ಚೊಂಬು ನೀರನ್ನು ಕೂಸಿಗೆ ನಿವಾಳಿಸಿ ಚೆಲ್ಲಿದ.

"ಇಲ್ಲಿ ಅಮ್ಮ ಏನಂದ್ಲು, ನಾನ್ನಾ?" ಎಂದು ಶ್ರಾವ್ಯಾ ಅಪ್ಪನನ್ನು ಕೇಳಿದಳು.

ಅಲ್ಲಿ ಆಕೆಯ ತುಟಿ ಆಡಿದ್ದು ಅವನಿಗೆ ಗೊತ್ತು. ಗೊಂಬೆಯ ನೆತ್ತಿ ಸವರಿ, ಕ್ಯಾಮೆರಾದತ್ತ ನೋಡಿ, ನಕ್ಕು, ಆಕೆ ಏನೋ ಅಂದಿದ್ದಳು.

"ನಾ ಅದನ್ನ ಕೇಳೇ ಇಲ್ಲವ್ವಾ," ಅಂದ.