ಎರಡನೆಯ ಸೈಲೆನ್ಸರ್

ಇಸ್ಫಹಾನಿನವರು ಜಿಪುಣರು ಎಂದು ಇರಾನಿನ ಊರೂರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾವು ಜಿಪುಣರಲ್ಲ, ಒಂದು ಕಾಸು ಹಾಕಿ ಹತ್ತು ಕಾಸಿನ ಅಂದ ತೆಗೆಯುವವರು. ಈ ವಿದ್ಯೆಯಲ್ಲಿ ಫೆರೆದೂನನನ್ನು ಮೀರಿಸುವವರು ಕೈಸರಿಯಾ ಬಜಾರಿನಲ್ಲಿ ಇರಲಿಲ್ಲ. ಕೊನೆಗೆ ಅದೇ ವಿದ್ಯೆ ಅವನ ಮಾನ ತೆಗೆಯಿತು.

ಅವನು ಕೆತ್ತನೆಯವನು. ಹನ್ನೆರಡನೇ ವಯಸ್ಸಿಗೆ ತಾಯಿ ಕೈಹಿಡಿದು ತಂದು ಉಸ್ತಾದ್ ನಸ್ರುಲ್ಲಾ ಅವರ ಮಳಿಗೆಯಲ್ಲಿ ಬಿಟ್ಟಿದ್ದಳು. ತಾಮ್ರದ ತಟ್ಟೆಯ ಬೆನ್ನಿಗೆ ಕರಗಿದ ಡಾಂಬರು ಸುರಿದು, ಅದು ಗಟ್ಟಿಯಾದ ಮೇಲೆ ಉಳಿ ಸುತ್ತಿಗೆ ಹಿಡಿದು ಬಳ್ಳಿ, ಹೂವು, ಹಕ್ಕಿ ಮೂಡಿಸುವ ಕೆಲಸ. ಎರಡು ವರ್ಷ ಡಾಂಬರು ಕಾಯಿಸಿದ. ಐದು ವರ್ಷ ಬರೀ ಎಲೆ ಕೆತ್ತಿದ. ಆಮೇಲೆ ಹಕ್ಕಿಗೆ ಕಣ್ಣು ಬಿಡಿಸುವ ಅಪ್ಪಣೆ ಸಿಕ್ಕಿತು. ಈ ಕಥೆ ನಡೆದಾಗ ಅವನಿಗೆ ನಲವತ್ತೊಂಬತ್ತು, ಉಸ್ತಾದರಿಗೆ ಎಂಬತ್ತೊಂದು. ಅವರ ಕೈ ನಡುಗುವುದರಿಂದ ಮಳಿಗೆಯ ಕೆಲಸವೆಲ್ಲ ಇವನದೇ.

ಒಂದು ಏಟು ಮಾತ್ರ ಇನ್ನೂ ಉಸ್ತಾದರದು. ಅವರ ಬಳಿ ಬೆರಳುದ್ದದ ಉಕ್ಕಿನ ಅಚ್ಚೊಂದಿತ್ತು. ಮುಗಿದ ತಟ್ಟೆಯ ಅಂಚಿಗಿಟ್ಟು ಹೊಡೆದರೆ 'ನಸ್ರುಲ್ಲಾನ ಕೆಲಸ' ಎಂದು ಮೂಡುತ್ತಿತ್ತು. ಬಜಾರಿನ ಮುಂದಿನ ಚೌಕದ ಸುತ್ತ ಮಿಷನ್ನಿನಲ್ಲಿ ಒತ್ತಿದ ತಟ್ಟೆಗಳನ್ನು ಕೈಕೆಲಸವೆಂದು ಮಾರುವವರಿಗೆ ಬರವಿಲ್ಲ. ಆದರೆ ಆ ಅಚ್ಚು ಬಿದ್ದ ತಟ್ಟೆಯನ್ನು ಯಾರೂ ಅನುಮಾನದಿಂದ ತಿರುಗಿಸಿ ನೋಡುತ್ತಿರಲಿಲ್ಲ. ಉಸ್ತಾದರ ಮಕ್ಕಳಲ್ಲಿ ಒಬ್ಬ ಟೈಲ್ಸ್ ಮಾರುತ್ತಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ. ಹಾಗಾದರೆ ಅಚ್ಚು ಯಾರ ಕೈಗೆ? ಫೆರೆದೂನ್ ಬಾಯಿಬಿಟ್ಟು ಕೇಳಿದವನಲ್ಲ. ಆದರೆ ಬದುಕಿನಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಅದೊಂದೇ ಎಂದೆ, ತಪ್ಪು. ಬೈಕಿನ ಹುಚ್ಚೂ ಇತ್ತು.

ಚಹಾರ್‌ಬಾಗ್ ರಸ್ತೆಯ ಹೋಟೆಲಿನ ಮುಂದೆ ಒಮ್ಮೊಮ್ಮೆ ತುರ್ಕಿಯ ಗಡಿ ದಾಟಿ ಬಂದ ವಿದೇಶಿಯರ ದೊಡ್ಡ ಬೈಕುಗಳು ನಿಲ್ಲುತ್ತಿದ್ದವು. ಎದೆಯೆತ್ತರದ ಗಾಜು, ಎರಡು ಪಕ್ಕಕ್ಕೂ ಪೆಟ್ಟಿಗೆ, ಹಿಂದೆ ಜೋಡಿ ಸೈಲೆನ್ಸರ್, ಮೈತುಂಬ ದೂರದ ಧೂಳು. ಊರು ಬಿಟ್ಟು ಎರಡು ರಾತ್ರಿ ಹೊರಗೆ ಮಲಗಿದವನಲ್ಲ ಫೆರೆದೂನ್. ಚಹಾ ತರಲು ಹೋದವನು ಆ ಪೆಟ್ಟಿಗೆಗಳನ್ನು ಮುಟ್ಟಿ ಮುಟ್ಟಿ ನೋಡಿ, ಚಹಾ ಆರಿಸಿಕೊಂಡು ಬರುತ್ತಿದ್ದ. ನಮ್ಮಲ್ಲಿ ಸಾಮಾನ್ಯರಿಗೆ ಇನ್ನೂರೈವತ್ತು ಸಿಸಿಗಿಂತ ದೊಡ್ಡ ಬೈಕಿಗೆ ಅನುಮತಿಯಿಲ್ಲ. ಹಾಗಾಗಿ ನಮ್ಮ ರಸ್ತೆಗೆ ಇನ್ನೂರೈವತ್ತೇ ರಾಜ. ಅವನ ಕೈಗೆಟುಕಿದ್ದು ನೂರೈವತ್ತರ ಹಳೆಯ ಕೆಂಪು ಬೈಕು.

ಅದಕ್ಕೆ ಅವನು ಮದುವೆ ಹೆಣ್ಣಿನಂತೆ ಸಿಂಗಾರ ಶುರುಮಾಡಿದ. ಚಕ್ರಕ್ಕೆ ಮಿನುಗುವ ಪಟ್ಟಿ ಅಂಟಿಸಿದ. ಬಸ್ಸಿನ ಗುಜರಿಯಲ್ಲಿ ಸಿಕ್ಕ ಹೊಗೆಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಬಗ್ಗಿಸಿ ಗಾಳಿಗಾಜು ಮಾಡಿದ. ಅಡುಗೆ ಎಣ್ಣೆಯ ಡಬ್ಬಗಳನ್ನು ಬಿಚ್ಚಿ, ತಟ್ಟಿ, ರಿವೆಟ್ ಹೊಡೆದು, ಕಪ್ಪು ಬಣ್ಣ ಬಳಿದು ಎರಡು ಪೆಟ್ಟಿಗೆ ನಿಲ್ಲಿಸಿದ. ಸೀಟಿಗೆ ಹೆಂಡತಿ ತೂಬಾಳ ಕೈಯಲ್ಲೇ ಕೆಂಪು ದಾರದ ಹೊಲಿಗೆ ಹಾಕಿಸಿದ. ಕೊನೆಯದು ಎರಡನೆಯ ಸೈಲೆನ್ಸರ್. ಒಂದೇ ತಾಮ್ರದ ತಗಡನ್ನು ಒಂದು ತಿಂಗಳು ತಟ್ಟಿ ಎಬ್ಬಿಸಿ, ನಿಕ್ಕಲ್ ಹಿಡಿಸಿ ಎಡಗಡೆ ಕಟ್ಟಿದ. ಬಲಗಡೆಯದು ಹೊಗೆ ಬಿಡುತ್ತಿತ್ತು, ಎಡಗಡೆಯದು ಬರೀ ಹೊಳೆಯುತ್ತಿತ್ತು.

"ಮೇಲೆ ಥಳುಕು, ಒಳಗೆ ಹುಳುಕು," ಎಂದಳು ತೂಬಾ. "ಒಲೆ ಒಡೆದು ಆರು ತಿಂಗಳಾಯ್ತು ರೀ, ಅದಕ್ಕೊಂದು ತಗಡು ಹೊಡೀರಿ ಮೊದಲು."

ಇಷ್ಟಕ್ಕೇ ನಿಂತಿದ್ದರೆ ಅದು ಶೋಕಿ, ಪಾಪವಲ್ಲ. ಪಕ್ಕದ ಮಳಿಗೆಯಲ್ಲಿ ಬಟ್ಟೆಗೆ ಅಚ್ಚೊತ್ತುವ ಹಷ್ಮತ್ ಒಂದು ದಿನ ಬೈಕನ್ನು ಸುತ್ತಿ ಬಂದು ಕೇಳಿದ: "ಎಷ್ಟರದಯ್ಯಾ ಇದು? ಇನ್ನೂರೈವತ್ತಾ?"

ಫೆರೆದೂನ್ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮೀಸೆಯಲ್ಲೇ ನಕ್ಕ. ಆ ವಾರ ಕೂತು ಹಿತ್ತಾಳೆಯಲ್ಲಿ 250 ಎಂಬ ಅಂಕಿಯನ್ನು ಉಬ್ಬಾಗಿ ಕೆತ್ತಿ, ಟ್ಯಾಂಕಿನ ಪಕ್ಕದ ಕೆಂಪು ಹಲಗೆಗೆ ಅಂಟಿಸಿದ. ಬಾಯಲ್ಲಿ ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಮೂರು ವರ್ಷ ಆ ಅಂಕಿಯ ಮೇಲೆ ಬಿಸಿಲು ಬಿತ್ತು. ಮೂರು ವರ್ಷವೂ ವಸಂತ ಬಂದಾಗಲೆಲ್ಲ ಫೆರೆದೂನ್ ಒಂದು ಮಾತು ಹೇಳುತ್ತಿದ್ದ: "ಉಸ್ತಾದ್, ಅಪ್ಪಣೆ ಕೊಡಿ, ಒಂದಿನ ನಿಮ್ಮನ್ನ ಖಾನ್ಸಾರಿಗೆ ಕರ್ಕೊಂಡು ಹೋಗ್ತೀನಿ. ತಲೆಕೆಳಗಾದ ಟ್ಯೂಲಿಪ್ ಹೂವು ನೋಡಿ ಬರೋಣ. ಬೈಕು ನಿಮ್ಮದೇ."

ಖಾನ್ಸಾರ್ ಉಸ್ತಾದರು ಹುಟ್ಟಿದ ಊರು, ಬೆಟ್ಟದ ಆಚೆ. ಇದು ಉಪಚಾರದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಹೇಳುವವನು ಹೇಳಬೇಕು, ಕೇಳುವವರು ಬೇಡವೆನ್ನಬೇಕು. "ನಿನಗ್ಯಾಕೆ ತೊಂದರೆ ಮಗಾ, ನಿನ್ನ ನೆರಳು ಕಮ್ಮಿಯಾಗದಿರಲಿ," ಎನ್ನುತ್ತಿದ್ದರು ಅವರು. ಮೂರು ಸಲ ಹೀಗಾಯಿತು. ನಾಲ್ಕನೆಯ ವಸಂತದಲ್ಲಿ ಅವನು ಅದೇ ಮಾತು ಹೇಳಿ ಉಳಿಗೆ ಕೈಹಾಕುವಷ್ಟರಲ್ಲಿ ಉಸ್ತಾದರು, "ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಾ," ಎಂದರು.

ಫೆರೆದೂನನ ಸುತ್ತಿಗೆ ತಟ್ಟೆಯ ಮೇಲೆ ತಪ್ಪಿ ಬಿತ್ತು.

ಬಜಾರಿಗೆಲ್ಲ ಸುದ್ದಿಯಾಯಿತು. ಮಗ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ ಉಸ್ತಾದರು, "ಬೇಡಪ್ಪಾ, ನಮ್ಮ ಫೆರೆದೂನನ ಹತ್ರ ಇನ್ನೂರೈವತ್ತು ಇದೆ," ಎಂದರಂತೆ. ಅದನ್ನು ಹಷ್ಮತ್ ಬಂದು ನಗುತ್ತಾ ಹೇಳಿದಾಗ ಇವನ ಕಿವಿ ಕಾದ ಹೆಂಚಾಯಿತು.

"ಈಗ್ಲಾದ್ರೂ ಹೇಳಿಬಿಡಿ," ಎಂದಳು ತೂಬಾ. "ಅವರು ಬೈದ್ರೆ ಒಂದಿನ ಬೈತಾರೆ. ಅವರನ್ನ ಕೂರಿಸ್ಕೊಂಡು ಆ ಘಾಟಿ ಹತ್ತುತ್ತಾ ಇದು?"

"ಹತ್ತುತ್ತೆ," ಎಂದ ಫೆರೆದೂನ್. ಬಾಯಿಬಿಟ್ಟರೆ ಬಣ್ಣಗೇಡು.

ಶುಕ್ರವಾರ ಉಸ್ತಾದರು ಇಸ್ತ್ರಿ ಮಾಡಿದ ಕೋಟು ತೊಟ್ಟು ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹತ್ತುವ ಮುಂಚೆ ಎರಡು ಸಲ ಕೋಟಿನ ಒಳಜೇಬನ್ನು ಮುಟ್ಟಿ ನೋಡಿಕೊಂಡರು. ನಜಫಾಬಾದ್ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಗಾಜಿನ ಹಿಂದೆ ಗಾಳಿಯಿಲ್ಲ, ಮುದುಕರು ಬೆನ್ನ ಹಿಂದೆ ಹಳೆಯ ಹಾಡೊಂದನ್ನು ಗುನುಗುತ್ತಿದ್ದರು. ಸಮತಟ್ಟು ರಸ್ತೆಯಲ್ಲಿ ಫೆರೆದೂನನಿಗೂ ತಾನು ಇನ್ನೂರೈವತ್ತರ ಮೇಲೆ ಕೂತಿದ್ದೇನೆ ಎನಿಸಿಬಿಟ್ಟಿತು.

ದಾಮನೆ ಎಂಬ ಊರು ದಾಟಿದ ಮೇಲೆ ಬೆಟ್ಟದ ಏರು ಶುರುವಾಯಿತು. ಮೂರನೇ ಗೇರಿಗೆ ಇಳಿಸಿದ, ಎರಡಕ್ಕೆ ಇಳಿಸಿದ, ಒಂದಕ್ಕೆ ಬಂದ. ಇಂಜಿನ್ ಗಂಟಲು ಹರಿದುಕೊಂಡು ಅರಚುತ್ತಿತ್ತು. ಎಣ್ಣೆಡಬ್ಬದ ಪೆಟ್ಟಿಗೆಗಳು ಲಟಲಟ ಎನ್ನುತ್ತಿದ್ದವು. ಹಿಂದಿನಿಂದ ಜೇನು ಮಾರುವವನೊಬ್ಬ ಬರೀ ಮೈಯ ಬೈಕಿನಲ್ಲಿ ಎರಡು ಕ್ಯಾನು ಕಟ್ಟಿಕೊಂಡು ಬಂದು, ಇವರನ್ನು ದಾಟುತ್ತಾ, "ಚಿಕ್ಕಪ್ಪಾ, ಅಷ್ಟು ಒಡವೆ ಹೇರಿದ್ರೆ ಹೆಣ್ಣು ಹೆಂಗೆ ನಡೀತಾಳೆ!" ಎಂದು ಕೂಗಿ ಹೋದ. ಅವನದೂ ನೂರೈವತ್ತೇ. ಸ್ವಲ್ಪ ಮುಂದೆ ಫೆರೆದೂನನ ಬೈಕು ಕೆಮ್ಮಿ ನಿಂತಿತು.

"ಏನಾಯ್ತು ಮಗಾ?"

"ಬಿಸಿ ಆಗಿದೆ ಉಸ್ತಾದ್. ದೊಡ್ಡ ಇಂಜಿನ್ ಅಲ್ವಾ, ಬೇಗ ಬಿಸಿ ಆಗುತ್ತೆ."

ಈ ಮಾತನ್ನು ಅವನು ಈಗಲೂ ನೆನೆದು ಹಲ್ಲು ಕಚ್ಚುತ್ತಾನೆ.

"ಹಾಗಾದ್ರೆ ನಾನು ನಡೀತೀನಿ. ನೀನು ಖಾಲಿ ಹತ್ತಿಸು," ಎಂದರು ಉಸ್ತಾದರು. ಇವನು ಬೇಡ ಬೇಡವೆಂದ. ಅವರು ಆಗಲೇ ಕೋಲೂರಿ ಹೊರಟಿದ್ದರು. ಎಂಬತ್ತೊಂದು ವರ್ಷದ ಮುದುಕರು ಘಾಟಿಯ ಅಂಚಿನಲ್ಲಿ ಏದುಸಿರು ಬಿಡುತ್ತಾ ನಡೆದರು. ಪಕ್ಕದಲ್ಲೇ ಗಟ್ಟಿಮುಟ್ಟಾದ ಶಿಷ್ಯ ಬೈಕಿನ ಮೇಲೆ ಕೂತು ಹೋದ. ಲಾರಿಯವರು ಇವನನ್ನು ನೋಡಿ ಹಾರ್ನ್ ಹೊಡೆದು ಬೈದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ.

ತಿರುವಿನಲ್ಲಿ ಬೈಕು ಒಂದು ಗುಂಡಿಗೆ ಇಳಿಯಿತು. ಎಡಗಡೆಯ ಸೈಲೆನ್ಸರ್ ಕಿತ್ತು ಠಣಠಣ ಉರುಳುತ್ತಾ ಹಿಂದೆ ಹೋಗಿ ಉಸ್ತಾದರ ಕಾಲಬುಡದಲ್ಲಿ ನಿಂತಿತು. ಅವರು ಬಗ್ಗಿದರು.

"ಮುಟ್ಟಬೇಡಿ ಉಸ್ತಾದ್, ಸುಡುತ್ತೆ!" ಎಂದು ಫೆರೆದೂನ್ ಕಿರುಚಿದ.

ಉಸ್ತಾದರು ಅದನ್ನು ಬರಿಗೈಯಲ್ಲಿ ಎತ್ತಿ ಹಿಡಿದಿದ್ದರು. ಎರಡು ಗಂಟೆಗೂ ಮೀರಿ ಓಡಿದ ಬೈಕಿನ ಸೈಲೆನ್ಸರ್ ತಣ್ಣಗಿತ್ತು. ಅವರು ಅದನ್ನು ತಿರುಗಿಸಿದರು, ಬಾಯಿಗೆ ಕಣ್ಣಿಟ್ಟು ಒಳಗೆ ನೋಡಿದರು, ಉಗುರಿನಿಂದ ತಟ್ಟಿದರು.

"ತಾಮ್ರ," ಎಂದರು. "ಒಂದೇ ತಗಡಿಂದ ಎಬ್ಬಿಸಿದ್ದೀಯ. ಎಲ್ಲೂ ಒಂದು ಬೆಸುಗೆ ಇಲ್ಲ. ಒಳ್ಳೆ ಕೆಲಸ." ಆಮೇಲೆ ಕೋಲಿನ ತುದಿಯಿಂದ ಟ್ಯಾಂಕಿನ ಪಕ್ಕದ ಅಂಕಿಯನ್ನು ತೋರಿಸಿದರು. "ಅದೂ ಹೀಗೇನಾ?"

ಫೆರೆದೂನ್ ಹೌದೆಂದು ತಲೆಯಾಡಿಸಿದ.

"ಎಷ್ಟರದು?"

"ನೂರೈವತ್ತು."

ಉಸ್ತಾದರು ರಸ್ತೆಬದಿಯ ಬಂಡೆಯ ಮೇಲೆ ಕೂತು ಉಸಿರು ಹದಕ್ಕೆ ತಂದುಕೊಂಡರು. ನಂತರ ಒಳಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅಚ್ಚು, ಜೊತೆಗೆ ಅದರ ಚಿಕ್ಕ ಸುತ್ತಿಗೆ.

"ಹೂವಿನ ಹತ್ರ ಕೂತು ಕೊಡೋಣ ಅಂತ ತಂದಿದ್ದೆ. ಮೂರು ವರ್ಷದಿಂದ ಕರೀತಿದ್ದೀಯಲ್ಲ, ಅದಕ್ಕೇ ಕಾರು ಬೇಡ ಅಂದೆ." ಸೈಲೆನ್ಸರನ್ನು ಬಂಡೆಯ ಮೇಲಿಟ್ಟರು. "ತಗೋ. ಇದೂ ನಿನ್ನ ಕೈಕೆಲಸ ತಾನೆ? ಹೊಡಿ ನೋಡೋಣ."

ಫೆರೆದೂನ್ ಅಚ್ಚನ್ನು ಕೈಗೆ ತೆಗೆದುಕೊಂಡ. ಮೂವತ್ತೇಳು ವರ್ಷ ಅದನ್ನು ನೋಡಿದ್ದ, ಹಿಡಿದದ್ದು ಇದೇ ಮೊದಲು. ನಿಕ್ಕಲ್ಲಿನ ಮೇಲಿಟ್ಟ. ಸುತ್ತಿಗೆ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಎರಡನ್ನೂ ಬಟ್ಟೆಯ ಮೇಲಿಟ್ಟು ಮುಖ ತಿರುಗಿಸಿಕೊಂಡು ಅತ್ತ. ಉಸ್ತಾದರು ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡರು, ಒಂದು ಮಾತೂ ಬಯ್ಯಲಿಲ್ಲ. ಇಬ್ಬರೂ ಹೂವಿನ ಬಯಲಿಗೆ ಹೋದರು ಕೂಡ. ಹೂವು ಹೇಗಿತ್ತು ಎಂದು ತೂಬಾ ಕೇಳಿದಾಗ ಅವನಿಗೆ ನೆನಪಿರಲಿಲ್ಲ.

ಮರುದಿನ ಬಜಾರಿನಲ್ಲಿ ಹಷ್ಮತ್, "ಹೇಗಿತ್ತು ಉಸ್ತಾದ್ ಇನ್ನೂರೈವತ್ತರ ಸವಾರಿ?" ಎಂದು ಕೂಗಿದ.

"ಸುಖವಾಗಿ ಹೋಗಿ ಬಂದ್ವಪ್ಪಾ," ಎಂದರು ಉಸ್ತಾದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಮಾನ ಮುಚ್ಚಲು ಅವರು ಮಾತು ಮರೆಸಿದ್ದನ್ನು ಫೆರೆದೂನನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಎಲ್ಲರ ಮುಂದೆ, "ಅದು ನೂರೈವತ್ತು. ನಾನೇ ಅಂಕಿ ಅಂಟಿಸಿದ್ದೆ," ಎಂದು ಹೇಳಿದ. ಬಜಾರು ಒಂದು ತಿಂಗಳು ನಕ್ಕಿತು. ಹಷ್ಮತ್ ಈಗಲೂ ಅವನನ್ನು 'ಇನ್ನೂರೈವತ್ತು' ಎಂದೇ ಕರೆಯುತ್ತಾನೆ.

ನಿಜ ಹೇಳಿದ ದಿನದ ಸಂಜೆಯೇ ಫೆರೆದೂನ್ ಗಾಜು, ಪಟ್ಟಿ, ಪೆಟ್ಟಿಗೆ ಎಲ್ಲ ಬಿಚ್ಚಿದ. ತಾಮ್ರದ ಸೈಲೆನ್ಸರನ್ನು ಸೀಳಿ ತೂಬಾಳ ಒಲೆಗೆ ತಗಡು ಹೊಡೆದ. ಕೊನೆಗೆ ಹಿತ್ತಾಳೆಯ ಅಂಕಿ ಕಿತ್ತ. ಕಿತ್ತ ಜಾಗದಲ್ಲಿ ಅಂಕಿ ಹಾಗೆಯೇ ಇತ್ತು! ಮೂರು ವರ್ಷದ ಬಿಸಿಲಿಗೆ ಸುತ್ತಲಿನ ಕೆಂಪು ಮಾಸಿತ್ತು. ಹಿತ್ತಾಳೆಯ ಅಡಿಯಲ್ಲಿ ಮಾತ್ರ ಹೊಸ ಕೆಂಪು 250 ಎದ್ದು ಕಾಣುತ್ತಿತ್ತು.

ಮರುದಿನ ಮಳಿಗೆಯ ಹೊರಗೆ ಉಸ್ತಾದರು ಅದರ ಮೇಲೆ ಹೆಬ್ಬೆರಳಾಡಿಸಿದರು. "ಇದು ಹೋಗಲ್ವಾ?"

"ಬಣ್ಣ ಹೊಡೆಸಿದ್ರೆ ಹೋಗುತ್ತೆ ಉಸ್ತಾದ್. ಅಗ್ಗದಲ್ಲೇ ಆಗುತ್ತೆ."

"ಬಣ್ಣ ಹೊಡೀಬೇಡ," ಎಂದರು ಅವರು. ಕೈ ಅಚ್ಚಿದ್ದ ಒಳಜೇಬಿನ ಮೇಲಿತ್ತು. "ತಾನಾಗೇ ಹೋದ ದಿನ ಬಾ. ಅಲ್ಲೀತನಕ ಇದು ನನ್ನ ಹತ್ರಾನೇ ಇರಲಿ."

ಇದಾಗಿ ಒಂದು ವರ್ಷ ಮೀರಿತು. ಬಜಾರಿನ ಹಿಂಬಾಗಿಲಲ್ಲಿ ದೊಡ್ಡ ಚಿನಾರ್ ಮರವಿದೆ, ಬೈಕಿನವರೆಲ್ಲ ಅದರ ನೆರಳಿಗೆ ಜಗಳವಾಡುತ್ತಾರೆ. ಫೆರೆದೂನ್ ಮಾತ್ರ ಬಿರುಬೇಸಗೆಯ ನಡುಮಧ್ಯಾಹ್ನವೂ ತನ್ನ ಬೈಕನ್ನು ಬಯಲಿನಲ್ಲಿ ನಿಲ್ಲಿಸುತ್ತಾನೆ. ದಿನಕ್ಕೆರಡು ಸಲ ಹೊರಗೆ ಬಂದು, ಆ ಹಲಗೆ ಬಿಸಿಲಿಗೆ ಎದುರಾಗುವಂತೆ ತಿರುಗಿಸಿ ಹೋಗುತ್ತಾನೆ. ಎರಡು ಮತ್ತು ಐದು ಈಗ ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುತ್ತವೆ. ಸೊನ್ನೆ ಇನ್ನೂ ಗಟ್ಟಿಯಾಗಿದೆ. ಉಸ್ತಾದರು ಈ ಚಳಿಗಾಲದಿಂದ ಮಳಿಗೆಗೆ ಬರುತ್ತಿಲ್ಲ, ಮಂಚದ ಮೇಲೇ ಇದ್ದಾರೆ. ಮುಗಿದ ತಟ್ಟೆಗಳು ಅಚ್ಚಿಲ್ಲದೆ ಕಪಾಟಿನಲ್ಲಿ ಸಾಲಾಗಿ ಕೂತಿವೆ, ಫೆರೆದೂನ್ ಒಂದನ್ನೂ ಮಾರಿಲ್ಲ. ಬೆಳಿಗ್ಗೆ ಮೋಡ ಕವಿದಿದ್ದರೆ ಅವನ ಕೈಗೆ ಕೆಲಸ ಹತ್ತುವುದಿಲ್ಲ.